ಬಾಯಿ ಮುಚ್ಚಿಸಿದ ದೀಪ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂಲಂಟ್ ಕಡಿಮೆಯಾಗಿದೆ ಎನ್ನುವ ದೀಪ ಹೊತ್ತುತ್ತದೆ. ಬಾನೆಟ್ ಎತ್ತಿ ನೋಡಿದರೆ ಟ್ಯಾಂಕಿನಲ್ಲಿ ಮಟ್ಟ ಸರಿಯಾಗಿಯೇ ಇದೆ. ಮರುದಿನವೂ ಅದೇ ದೀಪ, ಅದೇ ತುಂಬಿದ ಟ್ಯಾಂಕು. ವಾರ ಕಳೆಯುವಷ್ಟರಲ್ಲಿ ಬಾನೆಟ್ ಎತ್ತುವುದೇ ನಿಂತುಹೋಗುತ್ತದೆ. ಆಮೇಲೆ ಬಲ್ಲವರೊಬ್ಬರು ಉಪಾಯ ಹೇಳಿಕೊಡುತ್ತಾರೆ: ಸೆನ್ಸರಿನ ಪ್ಲಗ್ ಕಿತ್ತು ಎರಡು ವೈರುಗಳನ್ನು ಸೇರಿಸಿಬಿಡಿ, ದೀಪದ ಕಾಟ ತಪ್ಪುತ್ತದೆ. ಹಲವು ಕಾರುಗಳಲ್ಲಿ ಈ ಉಪಾಯ ಫಲಿಸುತ್ತದೆ ಕೂಡ. ಐದು ನಿಮಿಷದ ಕೆಲಸ, ಖರ್ಚೂ ಇಲ್ಲ. ಸುಳ್ಳು ಹೇಳುವ ದೀಪದ ಬಾಯಿ ಮುಚ್ಚಿಸಿದರೆ ತಪ್ಪೇನು?

ಪ್ರಶ್ನೆ ಸಣ್ಣದು. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಕೂತಿದೆ: ದೀಪ ಸುಳ್ಳು ಹೇಳುತ್ತಿದೆ ಎಂದು ತೀರ್ಪು ಕೊಡುವ ಹಕ್ಕು ನಮಗೆ ಯಾವಾಗ ಬರುತ್ತದೆ?

ಮೊದಲು, ದೀಪಕ್ಕೆ ಗೊತ್ತಿರುವುದು ಎಷ್ಟು ಎಂದು ನೋಡೋಣ. ಅದು ಕೂಲಂಟನ್ನು ಕಣ್ಣಾರೆ ಕಂಡಿರುವುದಿಲ್ಲ. ಕೆಲವು ಕಾರುಗಳ ಟ್ಯಾಂಕಿನಲ್ಲಿ ಆಯಸ್ಕಾಂತ ಹೊತ್ತ ಒಂದು ಫ್ಲೋಟ್ ತೇಲುತ್ತಿರುತ್ತದೆ. ಮಟ್ಟ ಇಳಿದರೆ ಫ್ಲೋಟ್ ಇಳಿಯುತ್ತದೆ, ಕೆಳಗಿನ ಸ್ವಿಚ್ಚು ಬದಲಾಗುತ್ತದೆ. ಇನ್ನು ಕೆಲವದರಲ್ಲಿ ಎರಡು ಲೋಹದ ಕಡ್ಡಿಗಳು ದ್ರವದಲ್ಲಿ ಮುಳುಗಿರುತ್ತವೆ. ಅವುಗಳ ನಡುವೆ ವಿದ್ಯುತ್ ಹರಿದರೆ ಕೂಲಂಟ್ ಇದೆ ಎಂದರ್ಥ. ಫ್ಲೋಟ್ ಕೆಸರಿಗೆ ಅಂಟಿಕೊಳ್ಳಬಹುದು, ನೀರು ಹೀರಿ ಮುಳುಗಬಹುದು. ಕಡ್ಡಿಗಳ ಮೇಲೆ ಪೊರೆ ಕಟ್ಟಬಹುದು. ಮುಂಬಯಿ ಮಳೆಯ ತೇವಕ್ಕೆ ಕನೆಕ್ಟರಿನೊಳಗೆ ಕಿಲುಬು ಹಿಡಿಯಬಹುದು. ಆಗೆಲ್ಲ ದೀಪ ಹೊತ್ತುತ್ತದೆ. ಅದು ಹೇಳುವುದು ಇಷ್ಟೇ: ನನ್ನ ವೈರಿನಲ್ಲಿ ಬರಬೇಕಾದದ್ದು ಬರುತ್ತಿಲ್ಲ. ‘ಕೂಲಂಟ್ ಇಲ್ಲ’ ಎನ್ನುವುದು ನಾವು ಮಾಡಿಕೊಂಡ ಅನುವಾದ.

ಇಂಥ ಸಂದರ್ಭಕ್ಕೆ ನಮ್ಮ ದರ್ಶನಗಳಲ್ಲಿ ಹಳೆಯ ಜಗಳವೊಂದಿದೆ. 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರ ಪ್ರಕಾರ, ಹುಟ್ಟಿದ ಜ್ಞಾನ ತನ್ನಷ್ಟಕ್ಕೆ ತಾನೇ ಪ್ರಮಾಣ. ಅದನ್ನು ನಂಬಲು ಬೇರೆ ಸಾಕ್ಷಿ ಬೇಕಿಲ್ಲ. ಅದನ್ನು ತಳ್ಳಿಹಾಕಲು ಮಾತ್ರ ಕಾರಣ ಬೇಕು. ಅಂಥ ಕಾರಣಗಳು ಎರಡೇ: ಅದನ್ನು ಅಲ್ಲಗಳೆಯುವ ಇನ್ನೊಂದು ಜ್ಞಾನ ಹುಟ್ಟಬೇಕು, ಇಲ್ಲವೇ ಅದು ಬಂದ ಮೂಲದಲ್ಲಿ ದೋಷ ಕಾಣಬೇಕು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂದು ತಿಳಿಯಬೇಕಾದರೆ ಹೋಗಿ ಕುಡಿದು ನೋಡಬೇಕು, ಪ್ರಾಮಾಣ್ಯ ಹೊರಗಿನಿಂದಲೇ ಸಿಗಬೇಕು ಎಂದರು.

ಕೂಲಂಟ್ ದೀಪದ ಮಟ್ಟಿಗೆ ನನಗೆ ಕುಮಾರಿಲರೇ ಹೆಚ್ಚು ಹಿಡಿಸುತ್ತಾರೆ. ದೀಪವನ್ನು ನಂಬುವುದಕ್ಕೆ ಪುರಾವೆ ಕೇಳುತ್ತ ಕೂತರೆ ಅಷ್ಟರಲ್ಲಿ ಎಂಜಿನ್ ಬೆಂದಿರುತ್ತದೆ. ನಂಬದಿರುವುದಕ್ಕೆ ಪುರಾವೆ ಹುಡುಕಬೇಕು. ಅದನ್ನು ಮನೆಯಂಗಳದಲ್ಲೇ ಹುಡುಕಬಹುದು.

ಒಂದು, ಅಲ್ಲಗಳೆಯುವ ಜ್ಞಾನ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಾರು ಸಮತಟ್ಟಾದ ಜಾಗದಲ್ಲಿರುವಾಗ ಮಟ್ಟ ನೋಡಬೇಕು. ಬಿಸಿಯಿದ್ದಾಗ ಮುಚ್ಚಳ ತೆರೆಯಲೇಬಾರದು. ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವ ದ್ರವ, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಳೆಯ ಟ್ಯಾಂಕಿನ ಒಳಗೋಡೆಯ ಕಲೆಯೂ ಮಟ್ಟದ ಗೆರೆಯಂತೆ ಕಾಣಬಹುದು. ಟ್ಯಾಂಕನ್ನು ಮೆಲ್ಲಗೆ ಅಲುಗಿಸಿ ದ್ರವ ತುಳುಕುವುದನ್ನು ನೋಡಬೇಕು. ಮಾರ್ಕರಿನಿಂದ ಗೆರೆ ಎಳೆದು ಒಂದಷ್ಟು ದಿನ ಗಮನಿಸಬೇಕು. ಗೆರೆಯಿಂದ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ದೀಪ ಮಿನುಗಿ ಆರಿದರೆ ಮಟ್ಟ ಕನಿಷ್ಠ ಗೆರೆಯ ಹತ್ತಿರವಿರಬಹುದು. ಹಾಗಿದ್ದರೆ ದೀಪ ಹೇಳುತ್ತಿರುವುದು ನಿಜ.

ಎರಡು, ಮೂಲದ ದೋಷ. ಪ್ಲಗ್ ಬಿಚ್ಚಿ ಕಿಲುಬು ಇದೆಯೇ ಎಂದು ನೋಡಿ ಒರೆಸುವುದು, ಟ್ಯಾಂಕನ್ನು ಬೆರಳಿನಿಂದ ತಟ್ಟಿ ಫ್ಲೋಟ್ ಸಡಿಲವಾಗುತ್ತದೆಯೇ ಎಂದು ನೋಡುವುದು, ಮಲ್ಟಿಮೀಟರ್ ಇದ್ದರೆ ಸೆನ್ಸರ್ ಪರೀಕ್ಷಿಸುವುದು. ಈ ಎರಡೂ ಆದಮೇಲೆ ‘ದೀಪ ಸುಳ್ಳು’ ಎನ್ನುವುದು ತೀರ್ಪು. ಅದಕ್ಕೆ ಮೊದಲು ಅದು ನಮ್ಮ ಆಸೆ.

ದೀಪ ಸುಳ್ಳೆಂದು ಖಚಿತವಾಯಿತು ಎಂದುಕೊಳ್ಳೋಣ. ಈಗಲಾದರೂ ವೈರು ಸೇರಿಸಬಹುದೇ?

1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವು ತೆರೆದುಕೊಂಡೇ ಉಳಿಯಿತು. ರಿಯಾಕ್ಟರನ್ನು ತಂಪಾಗಿಡಬೇಕಾದ ನೀರು ಅದರಿಂದ ಹೊರಗೆ ಹೋಗುತ್ತಿತ್ತು. ಫಲಕದ ಮೇಲೆ ಆ ವಾಲ್ವಿನ ದೀಪ ಆರಿತ್ತು. ಸಿಬ್ಬಂದಿ ವಾಲ್ವು ಮುಚ್ಚಿದೆ ಎಂದುಕೊಂಡರು. ಆ ದೀಪಕ್ಕೆ ಗೊತ್ತಿದ್ದದ್ದು ವಾಲ್ವಿಗೆ ಹೋಗುವ ವಿದ್ಯುತ್ ಆಜ್ಞೆಯ ಸಂಗತಿ ಮಾತ್ರ, ವಾಲ್ವಿನ ಸ್ಥಿತಿಯಲ್ಲ. ಮೊದಲ ಕೆಲವೇ ನಿಮಿಷಗಳಲ್ಲಿ 100ಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಅರಚುತ್ತಿದ್ದವು. ಇನ್ನೊಂದು ಮಾಪಕ ನೀರಿನ ಮಟ್ಟ ಹೆಚ್ಚಿದೆ ಎಂದು ತೋರಿಸಿದ್ದರಿಂದ, ತುರ್ತು ಪಂಪುಗಳು ಸುರಿಯುತ್ತಿದ್ದ ನೀರನ್ನೂ ಅವರೇ ತಗ್ಗಿಸಿದರು. ಕೊನೆಗೆ ರಿಯಾಕ್ಟರಿನ ಗರ್ಭದ ಸುಮಾರು ಅರ್ಧಭಾಗ ಕರಗಿತು.

ಅಲ್ಲಿ ಗದ್ದಲದಷ್ಟೇ ಕೆಡುಕು ಮಾಡಿದ್ದು ಆರಿದ ದೀಪ. ಆರಿದ ದೀಪವೂ ಮಾತಾಡುತ್ತದೆ. ‘ಎಲ್ಲ ಸರಿಯಿದೆ’ ಎನ್ನುತ್ತದೆ. ವೈರು ಸೇರಿಸಿದ ಕಾರಿನಲ್ಲಿ ಆ ಮಾತು ದೀಪದ್ದಲ್ಲ, ನಮ್ಮದು. ನಮಗೇನೋ ಸತ್ಯ ಗೊತ್ತಿರುತ್ತದೆ. ಆದರೆ ಹಬ್ಬಕ್ಕೆಂದು ಅದೇ ಕಾರಿನಲ್ಲಿ ಪುಣೆಯಿಂದ ಬೆಳಗಾವಿಗೆ ಹೊರಟ ತಮ್ಮನಿಗೆ ಗೊತ್ತಿಲ್ಲ. ಖಂಬಾಟ್ಕಿ ಘಾಟ್ ಹತ್ತುವಾಗ ಪೈಪು ಬಿರಿದರೆ ಅವನಿಗೆ ಹೇಳುವವರಿಲ್ಲ. ತಾಪಮಾನದ ಮುಳ್ಳು ಇದೆಯಲ್ಲ ಎಂದರೆ, ಕೂಲಂಟ್ ಖಾಲಿಯಾಗಿ ಅದರ ಸೆನ್ಸರ್ ದ್ರವದಿಂದ ಹೊರಗುಳಿದರೆ ಆ ಮುಳ್ಳೂ ಸರಿಯಾಗಿ ತೋರಿಸದಿರಬಹುದು. ನಾಳೆ ಕಾರು ಕೊಳ್ಳುವ ಅಪರಿಚಿತನಿಗಂತೂ ಏನೂ ತಿಳಿಯದು. ಸೆನ್ಸರ್ ಹೇಳಿದ ಸುಳ್ಳಿಗೆ ಉದ್ದೇಶವಿರಲಿಲ್ಲ, ನಮ್ಮದಕ್ಕೆ ಇದೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಸದಾ ಉರಿಯುವ ದೀಪವೂ ಏನನ್ನೂ ತಿಳಿಸುವುದಿಲ್ಲ. ಪಕ್ಕದ ದೀಪಗಳನ್ನೂ ಲೆಕ್ಕಿಸದಿರುವ ಚಾಳಿಯನ್ನು ಬೇರೆ ಕಲಿಸುತ್ತದೆ. ಒಪ್ಪುತ್ತೇನೆ. ಆದರೂ ಒಂದು ವ್ಯತ್ಯಾಸವಿದೆ. ಉರಿಯುವ ದೀಪ ಏನೋ ಕೆಟ್ಟಿದೆ ಎಂದಾದರೂ ಒಪ್ಪಿಕೊಳ್ಳುತ್ತದೆ.

ಊರು ಬಿಟ್ಟು ಬಂದವರಿಗೆ ಈ ಲೆಕ್ಕ ಕಾರಿನಾಚೆಗೂ ಅನ್ವಯಿಸುತ್ತದೆ. ಮನೆಯ ಸ್ಥಿತಿ ನಮಗೆ ತಿಳಿಯುವುದು ಫೋನಿನಲ್ಲಿ, ಅಂದರೆ ಒಂದು ವೈರಿನ ಕೊನೆಯಲ್ಲಿ. ಪ್ರತಿ ಭಾನುವಾರ ಎದೆ ಉರಿ, ಮಂಡಿ ನೋವು ಎನ್ನುವ ಅಮ್ಮನ ಮಾತಿಗೆ ‘ಅದು ಯಾವಾಗಲೂ ಇದ್ದದ್ದೇ’ ಎಂದು ಹೂಂಗುಟ್ಟುತ್ತೇವೆ. ‘ನನಗೇನಪ್ಪಾ, ಆರಾಮಿದ್ದೀನಿ’ ಎನ್ನುವ ಅಪ್ಪನ ಮಾತಿಗೆ ನೆಮ್ಮದಿಯಿಂದ ಫೋನ್ ಇಡುತ್ತೇವೆ. ಒಂದು ಸದಾ ಹೊತ್ತಿದ ದೀಪ, ಇನ್ನೊಂದು ಸದಾ ಆರಿದ್ದು. ಎರಡನ್ನೂ ಬಾನೆಟ್ ಎತ್ತಿ ನೋಡಿರುವುದಿಲ್ಲ.

ಎಚ್ಚರಿಕೆಯ ಬಾಯಿ ಮುಚ್ಚಿಸುವುದು ಎಲ್ಲ ಸಲವೂ ಪಾಪವೆಂದು ನಾನು ಹೇಳುವುದಿಲ್ಲ. ಹೊಸ ಸೆನ್ಸರ್ ಸಿಗಲು ವಾರಗಟ್ಟಲೆ ಕಾಯಬೇಕಾಗಬಹುದು, ಕೈಯಲ್ಲಿ ದುಡ್ಡಿಲ್ಲದಿರಬಹುದು. ಆಗ ವೈರು ಸೇರಿಸುವವರು ಆ ದೀಪದ ಕೆಲಸವನ್ನೂ ಹೊರಬೇಕಾಗುತ್ತದೆ: ದಿನಾ ಬೆಳಿಗ್ಗೆ ಮಟ್ಟ ನೋಡುವುದು, ಮತ್ತು ಸ್ಟಿಯರಿಂಗ್ ಹಿಡಿಯುವ ಪ್ರತಿಯೊಬ್ಬರಿಗೂ ‘ಈ ದೀಪ ಕೆಲಸ ಮಾಡುತ್ತಿಲ್ಲ’ ಎಂದು ಹೇಳುವುದು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದರೂ ಸಾಕು.