ಮೂಲವೂ ಹೊಣೆಯೂ

ಋಷಿಮೂಲ, ನದಿಮೂಲಗಳನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ರೋಗದ ಮೂಲವನ್ನಾದರೋ ಕೆದಕದೆ ವಿಧಿಯಿಲ್ಲ. ಆದರೆ ಮೂಲ ತಿಳಿದೊಡನೆ ತಪ್ಪಿತಸ್ಥನೂ ತಿಳಿದಂತಾಯಿತೆ? ಹಂದಿಮರಿಗಳ ಒಂದು ರೋಗವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸಬಹುದೆಂದು ನನಗೆ ತೋರುತ್ತದೆ.

ಹುಟ್ಟಿ ವಾರ ತುಂಬದ ಹಂದಿಮರಿಗಳಿಗೆ ಭೇದಿ ಹಿಡಿಸಿ, ಮೈಯ ನೀರನ್ನೆಲ್ಲ ಬತ್ತಿಸಿ ಕೊಲ್ಲುವ ಒಂದು ಕೊರೊನಾ ವೈರಸ್ ಇದೆ. 2013ರಲ್ಲಿ ಅದು ಅಮೆರಿಕದಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ವರ್ಷವೊಂದರ ಸುಮಾರಿನಲ್ಲಿ 70 ಲಕ್ಷ ಮರಿಗಳು ಸತ್ತುವೆಂದು ಅಂದಾಜು. ವಿಜ್ಞಾನಿಗಳು ಆ ವೈರಸ್ಸಿನ ಸುಮಾರು 28,000 ಅಕ್ಷರಗಳ ವಂಶಲಿಪಿಯನ್ನು ಓದಿದಾಗ, ಚೀನದ ಅನ್ಹುಯಿ ಪ್ರಾಂತದಲ್ಲಿ 2012ರಲ್ಲಿ ದೊರೆತ ತಳಿಗೆ ಅದು ಅತಿ ಹತ್ತಿರದ ನಂಟೆಂದು ತಿಳಿಯಿತು.

ಈ ಕ್ರಮ ಕನ್ನಡ ಮೇಷ್ಟರಿಗೆ ಅಪರಿಚಿತವಲ್ಲ. ಗ್ರಂಥಸಂಪಾದನೆಯಲ್ಲಿ ನಾವು ಮಾಡುವುದೂ ಇದನ್ನೇ. ಎರಡು ಓಲೆಪ್ರತಿಗಳಲ್ಲಿ ಒಂದೇ ಬಗೆಯ ತಪ್ಪುಗಳು ಒಂದೇ ಎಡೆಗಳಲ್ಲಿ ಕಂಡರೆ, ಅವೆರಡೂ ಒಂದು ಮಾತೃಕೆಯಿಂದ ಇಳಿದುಬಂದವೆಂದು ಊಹಿಸುತ್ತೇವೆ. ವೈರಸ್ಸೂ ತನ್ನನ್ನು ನಕಲು ಮಾಡಿಕೊಳ್ಳುವಾಗ ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ಆ ತಪ್ಪುಗಳ ಹೋಲಿಕೆಯೇ ನಂಟಿನ ಸಾಕ್ಷಿ. ಆದರೆ ಓಲೆಯನ್ನು ಊರಿಂದೂರಿಗೆ ಒಯ್ದವರು ಯಾರು, ಏಕೆ ಒಯ್ದರು ಎಂಬುದನ್ನು ಪಾಠಾಂತರಗಳು ಹೇಳಲಾರವು. ವೈರಸ್ ಕಡಲು ದಾಟಿದ ಬಗೆಯನ್ನೂ ಆ 28,000 ಅಕ್ಷರಗಳು ಹೇಳಲಿಲ್ಲ.

ಹಾಗಿದ್ದೂ ‘ಇದು ಚೀನದ ರೋಗ’ ಎಂದುಬಿಡುವುದು ಸುಲಭ. ಇನ್ನೂ ಹಿಂದಕ್ಕೆ ಹೋದರೋ? ಈ ಬೇನೆಯನ್ನು ಮೊದಲು ಗುರುತಿಸಿದ್ದು 1971ರಲ್ಲಿ, ಇಂಗ್ಲೆಂಡಿನಲ್ಲಿ. ಅದಕ್ಕೆ ಕಾರಣವಾದ ವೈರಸ್ಸನ್ನು 1978ರಲ್ಲಿ ತೋರಿಸಿಕೊಟ್ಟವರು ಬೆಲ್ಜಿಯಮ್ಮಿನ ವಿಜ್ಞಾನಿಗಳು. ಹಾಗಾದರೆ ಇದನ್ನು ಆಂಗ್ಲರ ರೋಗವೆನ್ನೋಣವೆ? ಮೊದಲು ಕಂಡ ಜಾಗವೇ ಹುಟ್ಟಿದ ಜಾಗವೆಂದು ಹೇಳಲೂ ಬಾರದು. ಎಲ್ಲಿ ನಿಂತು ಹಿಂದಿರುಗಿ ನೋಡುತ್ತೇವೆಯೋ ಅದಕ್ಕೆ ತಕ್ಕಂತೆ ಮೂಲ ಬದಲಾಗುತ್ತದೆ.

ಹೊಣೆಯ ವಿಚಾರವೇ ಬೇರೆ. ತಿಳಿವು ಇದ್ದು, ತಡೆಯುವ ಶಕ್ತಿಯೂ ಇದ್ದು, ತಡೆಯದೆ ಹೋದವನು ಹೊಣೆಗಾರ. ವೈರಸ್ಸಿಗೆ ತಿಳಿವಿಲ್ಲ. ತನ್ನ ನೆಲದಲ್ಲಿ ರೋಗ ಕಂಡಿತೆಂಬ ಮಾತ್ರಕ್ಕೆ ಒಂದು ನಾಡೂ ಅಪರಾಧಿಯಾಗದು. ಅಮೆರಿಕದಲ್ಲಿ ಹಂದಿ ಸಾಗಿಸುವ ಲಾರಿಗಳು ಕಸಾಯಿಖಾನೆಗಳಿಂದ ಸಗಣಿಯೊಡನೆ ಸೋಂಕನ್ನೂ ಹೊತ್ತು ಹಿಂದಿರುಗಿದವು. ಒಂದೇ ಸೂರಿನಡಿ ಸಾವಿರಾರು ಹಂದಿಗಳನ್ನು ಒತ್ತೊತ್ತಾಗಿ ಸಾಕುವ ಪದ್ಧತಿಯಿಂದ ಅದು ಬೇಗ ಹಬ್ಬಿತು. ಇವು ಮನುಷ್ಯರ ಏರ್ಪಾಡುಗಳು. ಹೊಣೆಯ ಪ್ರಶ್ನೆಯನ್ನು ಕೇಳಬೇಕಾದದ್ದು ಇಲ್ಲಿ. ಯಾವನೋ ಅಜಾಗರೂಕತೆಯಿಂದ ರೋಗವನ್ನು ಪರದೇಶಕ್ಕೆ ಕಳುಹಿಸಿದ್ದೇ ನಿಜವಾದರೆ ಅವನನ್ನೂ ವಿಚಾರಿಸಲಿ. ಅದಕ್ಕೆ ಬೇರೆ ಸಾಕ್ಷಿ ಬೇಕು.

ಹಾಗೆಂದು ಮೂಲದ ಶೋಧನೆ ವ್ಯರ್ಥವಲ್ಲ. ಚೀನದಲ್ಲಿ 2010ರ ಕೊನೆಗೆ ಹೊಸ ತಳಿಗಳು ಹಬ್ಬಿದಾಗ ಹಳೆಯ ತಳಿಯಿಂದ ಮಾಡಿದ ಲಸಿಕೆ ಸಾಲದಾಯಿತು. ಅಕ್ಷರಗಳಲ್ಲಿ ಆಗಿರುವ ವ್ಯತ್ಯಾಸ ತಿಳಿದರೆ ತಾಯಿಹಂದಿಗೆ ತಕ್ಕ ಲಸಿಕೆ ಕೊಡಬಹುದು. ಮರಿಗೆ ರಕ್ಷಣೆ ತಾಯಿಯ ಹಾಲಿನಿಂದಲೇ ಬರಬೇಕು.

2020ರಲ್ಲಿ ಮನುಷ್ಯರ ನಡುವೆ ಇನ್ನೊಂದು ಕೊರೊನಾ ಹಬ್ಬಿದಾಗ, ರೋಗಕ್ಕೆ ಊರಿನ ಹೆಸರಿಟ್ಟು ಆ ಊರಿನವರ ಮುಖದವರನ್ನೆಲ್ಲ ಹಳಿದವರನ್ನು ಕಂಡೆವು. ವಂಶಾವಳಿಯನ್ನು ಆರೋಪಪಟ್ಟಿಯಂತೆ ಓದುವ ಚಾಳಿ ಅದು. ಮೂಲವನ್ನು ಹುಡುಕುವವನು ತಾನು ಹುಡುಕುತ್ತಿರುವುದು ಮದ್ದನ್ನೋ ವೈರಿಯನ್ನೋ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.