ಬೀಜದ ಚೀಟಿ

ಆಸ್ಟ್ರೋಫೈಟಮ್ ಆಸ್ಟೀರಿಯಾಸ್ ಎಂಬ ಕಳ್ಳಿಗೆ ಮುಳ್ಳಿಲ್ಲ. ಸಾಮಾನ್ಯವಾಗಿ ಎಂಟು ಹೋಳುಗಳಿರುವ ಚಪ್ಪಟೆ ಗುಂಡು. ನೆತ್ತಿಯ ಮೇಲೆ ಹಳದಿ ಹೂ, ಹೂವಿನೊಳಗೆ ಕೆಂಪು. ತನ್ನದೇ ಪರಾಗದಿಂದ ಇದು ಕಾಯಿ ಕಟ್ಟುವುದಿಲ್ಲ, ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಗಿಡ ಬೇಕು. ಅದರ ತವರಾದ ಟೆಕ್ಸಸ್‌ನ ದಕ್ಷಿಣ ತುದಿಯಲ್ಲೂ ಮೆಕ್ಸಿಕೋದ ಈಶಾನ್ಯದಲ್ಲೂ ಪರಾಗ ಸಾಗಿಸುವ ಕೆಲಸ ಜೇನುನೊಣಗಳದ್ದು. ಪುಣೆಯ ನಮ್ಮ ಬಾಲ್ಕನಿಯಲ್ಲಿ ನನ್ನದು.

ಕೆಲಸವೇನೋ ಸುಲಭ. ಬಿಸಿಲೇರಿ ಎರಡು ಗಿಡಗಳ ಹೂಗಳೂ ಪೂರ್ತಿ ಅರಳಿದಾಗ ಮೆತ್ತನೆಯ ಒಣ ಕುಂಚದಿಂದ ಒಂದರ ಕೇಸರ ಸವರಿ, ಇನ್ನೊಂದರ ನಡುವಿನ ಶಲಾಕಾಗ್ರಕ್ಕೆ ಮುಟ್ಟಿಸಬೇಕು. ಹಿಡಿದರೆ, ಹೂ ಬಾಡಿದ ಮೇಲೆ ಬುಡ ಉಬ್ಬುತ್ತದೆ. ವಾರಗಳು ಕಳೆದು ಕಾಯಿ ಬಲಿತರೆ ಒಳಗೆ ಪುಟ್ಟ ಟೋಪಿಗಳಂಥ ಕಂದು ಬೀಜಗಳು. ಬಿಡಿಸಿ, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಚೀಟಿ ಅಂಟಿಸುತ್ತೇನೆ: ತಾಯಿ ಗಿಡ, ತಂದೆ ಗಿಡ, ತಾರೀಖು.

ನನ್ನನ್ನು ಯೋಚನೆಗೆ ಹಚ್ಚುವುದು ಈ ಚೀಟಿ.

ಪಕ್ಕದ ಕುಂಡದಲ್ಲಿ ಅದೇ ಬಳಗದ ಕ್ಯಾಪ್ರಿಕಾರ್ನೆ ಅರಳಿರುತ್ತದೆ. ಅದರ ಪರಾಗವೂ ಇದಕ್ಕೆ ಹಿಡಿಯುತ್ತದೆ. ಪೊಟ್ಟಣ ಬಿಚ್ಚಿ ನೋಡಿದವರಿಗೆ ಯಾವ ಬೀಜದ ತಂದೆ ಯಾರೆಂದು ತಿಳಿಯುವುದಿಲ್ಲ. ಸಸಿ ತನ್ನ ನಿಜರೂಪ ತೋರಲು ವರ್ಷಗಳು ಬೇಕು. ಅಷ್ಟರಲ್ಲಿ ಪಡೆದವರು ಕೊಟ್ಟವರನ್ನೇ ಮರೆತಿರುತ್ತಾರೆ. ನನ್ನ ಸಾಫ್ಟ್‌ವೇರ್ ಉದ್ಯೋಗದಲ್ಲಿ ಯಾರು ಯಾವಾಗ ಏನು ಬದಲಿಸಿದರೆಂದು ಯಂತ್ರವೇ ಬರೆದಿಡುತ್ತದೆ. ಅಲ್ಲಿ ಪ್ರಾಮಾಣಿಕತೆಗೆ ಕಾವಲಿದೆ, ಇಲ್ಲಿಲ್ಲ.

ಜೇನುನೊಣ ಲೆಕ್ಕ ಬರೆಯುತ್ತದೆಯೇ ಎಂದು ಕೇಳಬಹುದು. ಅದಕ್ಕೆ ಚೀಟಿ ಬೇಕಿಲ್ಲ, ಅಲ್ಲಿ ನೆಲವೇ ಚೀಟಿ. ಗಿಡ ನಿಂತ ಜಾಗ, ಸುತ್ತಲಿನ ಅದರ ಬಳಗ, ಅದು ಯಾರೆಂದು ಹೇಳುತ್ತವೆ. ಕುಂಡಕ್ಕೆ ಬಂದ ಗಿಡಕ್ಕೆ ಆ ಸಾಕ್ಷಿ ಇಲ್ಲ. ಸಾಕಿದವನೇ ಸಾಕ್ಷಿ ಹೇಳಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ತಾಯಿ ಯಾರು, ತಂದೆ ಯಾರು, ಬೆರಕೆಯಲ್ಲ ತಾನೇ? ನಮ್ಮ ಸಮಾಜದಲ್ಲಿ ಈ ಪ್ರಶ್ನೆಗಳಿಗೆ ಕೆಟ್ಟ ಚರಿತ್ರೆಯಿದೆ. ಮನುಷ್ಯರ ವಿಷಯದಲ್ಲಿ ನಾನೊಪ್ಪದ ಕುಲಶುದ್ಧಿಯನ್ನು ಬಾಲ್ಕನಿಯಲ್ಲಿ ಪೋಷಿಸುತ್ತಿದ್ದೇನೆಯೇ? ನಕ್ಕು ತಳ್ಳಿಹಾಕುವ ಮಾತಲ್ಲ ಇದು. ನನಗೆ ಕಾಣುವ ಉತ್ತರ ಇಷ್ಟು: ಚೀಟಿ ಗಿಡದ ಯೋಗ್ಯತೆ ಅಳೆಯಲು ಬರೆದದ್ದಲ್ಲ, ನನ್ನ ಕೈ ಏನು ಮಾಡಿತೆಂದು ತಿಳಿಸಲು ಬರೆದದ್ದು. ಬೆರಕೆ ಗಿಡ ಕೀಳಲ್ಲ. ಬೆರಕೆಯೆಂದೇ ಬರೆದುಕೊಟ್ಟರೆ ದೋಷವಿಲ್ಲ. ಜಾತಿ ಕೇಳುವವನು ಬಾಗಿಲು ಮುಚ್ಚಲು ಕೇಳುತ್ತಾನೆ. ಅಲ್ಲದೆ ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಲ್ಲ, ಹೇಳದಿರುವ ಹಕ್ಕೂ ಅವನಿಗಿದೆ. ಬೀಜಕ್ಕೆ ಬಾಯಿಲ್ಲ. ಅದರ ಪರವಾಗಿ ಮಾತಾಡುವವನು ಸುಳ್ಳಾಡಬಾರದು.

ಆ ಸುಳ್ಳಿನ ಫಲ ದೂರ ಹೋಗುತ್ತದೆ. ಅಮೆರಿಕ 1993ರಲ್ಲೇ ಆಸ್ಟೀರಿಯಾಸ್ ಅನ್ನು ಅಳಿವಿನಂಚಿನ ಸಸ್ಯವೆಂದು ಸಾರಿದೆ. 2015ರ ಜಾಗತಿಕ ಅಧ್ಯಯನವೊಂದರ ಪ್ರಕಾರ ಕಳ್ಳಿ ಪ್ರಭೇದಗಳಲ್ಲಿ ಶೇ. 31ರಷ್ಟಕ್ಕೆ ಅಳಿವಿನ ಭೀತಿಯಿದೆ. ನೆಲದಿಂದ ಕಿತ್ತು ಸಂಗ್ರಹಕಾರರಿಗೆ ಮಾರುವುದೂ ಒಂದು ಕಾರಣ. ಮನೆಯಲ್ಲಿ ಕಟ್ಟಿದ ಬೀಜ ಸುಲಭವಾಗಿ ಸಿಕ್ಕರೆ ಕಿತ್ತು ತಂದ ಗಿಡದ ಆಸೆ ಕಡಿಮೆಯಾದೀತು. ಆದರೆ ಪೊಟ್ಟಣದ ಮೇಲಿನ ಮಾತಿನಲ್ಲಿ ನಂಬಿಕೆ ಹೋದರೆ, ‘ಅಸಲಿ’ ಬೇಕೆನ್ನುವವನು ಮತ್ತೆ ಅಲ್ಲಿನ ಗಿಡಕ್ಕೇ ಕೈ ಹಾಕುತ್ತಾನೆ.

ನಾನು ಆಫೀಸಿನಲ್ಲಿದ್ದಾಗ ಬಾಲ್ಕನಿಗೂ ಒಮ್ಮೊಮ್ಮೆ ಜೇನು ಬರುತ್ತದೆ; ಯಾವ ಹೂವಿನಿಂದ ಯಾವುದಕ್ಕೆ ಹೋಯಿತೋ ಯಾರು ಬಲ್ಲರು? ಅಂಥ ಬೀಜದ ಪೊಟ್ಟಣದ ಮೇಲೆ ‘ತಂದೆ ಗೊತ್ತಿಲ್ಲ’ ಎಂದು ಬರೆಯುತ್ತೇನೆ. ಅದನ್ನೇ ಕೇಳಿ ಒಯ್ಯುವವರೂ ಇದ್ದಾರೆ.