ಕಾಡು ಕಲಿಸುವ ಭರವಸೆ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ತ್ಯಾವರೆಕೊಪ್ಪ ಸಿಗುತ್ತದೆ. ಅಲ್ಲಿ 1988ರಲ್ಲಿ ಶುರುವಾದ ಹುಲಿ ಮತ್ತು ಸಿಂಹಧಾಮವಿದೆ. ಜೋಗ ನೋಡಿಕೊಂಡು ಬರುವ ಯಾತ್ರಿಕರು, ಮಕ್ಕಳು ಹಟ ಮಾಡಿದರೆಂದು ಅಲ್ಲಿ ಇಳಿಯುವುದುಂಟು. ಕಿಟಕಿಗೆ ಜಾಲರಿ ಹಾಕಿದ ವಾಹನ ನಿಧಾನವಾಗಿ ಕಾಡಿನೊಳಗೆ ಹೋಗುತ್ತದೆ. ಸಿಂಹ ಕಂಡ ಕೂಡಲೇ ಒಳಗಿದ್ದವರೆಲ್ಲ ಗಪ್‌ಚಿಪ್.

ಆಗ ಒಂದು ಮಗು, "ಇದಕ್ಕೆ ಊಟ ಯಾರು ಕೊಡ್ತಾರೆ?" ಅಂತ ಕೇಳಿತು ಅನ್ನೋಣ. "ಇಲ್ಲಿ ಕೆಲಸ ಮಾಡೋರು ಮಾಂಸ ಹಾಕ್ತಾರೆ ಪುಟ್ಟಾ" ಅಂತ ಅಪ್ಪ ಹೇಳುತ್ತಾರೆ. "ದೇವರು ಕೊಡ್ತಾನೆ ಮಗಾ" ಅಂತ ಅಜ್ಜಿ ಹೇಳುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ?

ಅಜ್ಜಿಯ ಮಾತಿಗೆ ಪವಿತ್ರ ಬೈಬಲಿನಲ್ಲಿ ಆಧಾರವಿದೆ. ಸಿಂಹದ ಮರಿಗಳ ಗರ್ಜನೆಯು ದೇವರಲ್ಲಿ ಆಹಾರ ಬೇಡುವ ದನಿ ಎಂದು 104ನೇ ಕೀರ್ತನೆ ತಿಳಿಸುತ್ತದೆ. ಮನುಷ್ಯನಿಗೆ ನಡುಕ ಹುಟ್ಟಿಸುವ ಆ ಸದ್ದು ದೇವರ ಕಿವಿಗೆ ಹಸಿದ ಮಗುವಿನ ಅಳು! ಕಾಡಿನ ರಾಜನೆನಿಸಿದ ಪ್ರಾಣಿಯೂ ದೇವರ ಮುಂದೆ ಕೈಯೊಡ್ಡಿ ನಿಂತಿದೆ ಎಂದಾಗ, ಮನುಷ್ಯ ಬೇಡುವುದಕ್ಕೆ ನಾಚಬೇಕಾಗಿಲ್ಲ. "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?" ಅನ್ನುವ ಹಳ್ಳಿಯ ಗಾದೆಯೂ ಇದನ್ನೇ ಹೇಳುತ್ತದೆ.

ಪ್ರಭು ಯೇಸು ಕೂಡ ಚಿಂತೆ ಬಿಡಿ ಎಂದು ಹೇಳುವಾಗ ತೋರಿಸಿದ್ದು ಆಕಾಶದ ಹಕ್ಕಿಗಳನ್ನು, ಹೊಲದ ಹೂಗಳನ್ನು (ಮತ್ತಾಯ, 6ನೇ ಅಧ್ಯಾಯ). ಮೊದಲು ನೋಡಿ, ಆಮೇಲೆ ನಂಬಿ ಎಂಬುದು ಅವರ ಕ್ರಮ. ನೋಡಬೇಕೆನ್ನುವವರು ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಬೇಕು. ತುಂಬಿ ಹರಿಯುವ ತುಂಗೆಯ ನಡುವೆ ನಿಂತ ಮರಗಳ ಮೇಲೆ ಬೆಳ್ಳಕ್ಕಿಗಳು, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ನೋಡುವವರಿಗೆ ಭಯ ಹುಟ್ಟಿಸುವ ಆ ಹೊಳೆಯೇ ಗೂಡುಗಳಿಗೆ ಸುತ್ತಲಿನ ಕಾವಲು. ಹಾಗಂತ ಹಕ್ಕಿಗಳು ಸುಮ್ಮನೆ ಕೂತಿರುವುದಿಲ್ಲ. ದಿನವಿಡೀ ಹಾರಿ ಮೀನು ಹುಡುಕುತ್ತವೆ, ಕಡ್ಡಿ ತರುತ್ತವೆ, ಮರಿಗೆ ಗುಟುಕು ಕೊಡುತ್ತವೆ. ಕೆಲಸ ಬಿಡಿ ಅಂತ ಪ್ರಭು ಹೇಳಲಿಲ್ಲ, ಚಿಂತೆ ಬಿಡಿ ಅಂದರು.

ಆದರೆ ಯಾತ್ರಿಕರೇ, ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೊಳೆ ಮಿತಿಮೀರಿ ಏರಿದರೆ ಕಾವಲಿದ್ದ ಅದೇ ನೀರು ಗೂಡನ್ನೂ ಒಯ್ಯಬಲ್ಲದು. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು. ಊರಿನವರೂ ಜ್ವರದಿಂದ ಮಲಗಿದರು. ಅದೇ ಮಂಗನ ಕಾಯಿಲೆ. ಕಣ್ಣಿಗೆ ಸರಿಯಾಗಿ ಕಾಣದ ಉಣುಗು ಕಚ್ಚಿ ಹರಡುವ ರೋಗ ಅದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದರಿಂದ ಹಲವರು ತೀರಿಕೊಂಡರು. ಸೌದೆಗೆ, ಕೊಟ್ಟಿಗೆಯ ದರಗಿಗೆ ಕಾಡನ್ನೇ ನಂಬಿ ಬದುಕುವ ಊರುಗಳಿಗೆ ಅದೇ ಕಾಡಿನಿಂದ ಸಾವು ಬಂತು. ಅಂಥ ಮನೆಯವರ ಎದುರು ನಿಂತು "ಹಕ್ಕಿ ನೋಡಿ, ಭರವಸೆ ಇಡಿ" ಅಂದರೆ ಗಾಯದ ಮೇಲೆ ಬರೆ ಎಳೆದಂತೆ. ಸಿಂಹಕ್ಕೆ ಊಟ ಕೊಡುವ ದೇವರು ಉಣುಗನ್ನು ಯಾಕೆ ಇಟ್ಟ?

ಈ ಪ್ರಶ್ನೆ ಹೊಸದಲ್ಲ. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ಇದನ್ನೇ ಕೇಳಿದ್ದ. ಗೆಳೆಯರು ಬಂದು "ಇದು ನಿನ್ನ ಪಾಪಕ್ಕೆ ಶಿಕ್ಷೆ" ಅಂದರು. ಅವರ ಮಾತು ತಪ್ಪು ಅಂತ ಕೊನೆಗೆ ದೇವರೇ ಹೇಳಿದರು. ಹಾಗಾಗಿ ಕಾಯಿಲೆ ಬಿದ್ದವರಿಗೆ ಇಂಥ ಮಾತು ಯಾರೂ ಆಡಬಾರದು. ದೇವರು ಯೋಬನಿಗೆ ಕಾರಣ ಹೇಳಲಿಲ್ಲ. ಬದಲಿಗೆ ಸಿಂಹಿಣಿಯ ಬೇಟೆ, ಕೂಗುವ ಕಾಗೆಮರಿ, ಬಂಡೆಗಳ ನಡುವೆ ಈಯುವ ಕಾಡುಮೇಕೆ, ಎತ್ತರದಲ್ಲಿ ಹಾರುವ ಗಿಡುಗ, ಹೀಗೆ ಒಂದೊಂದನ್ನೇ ಎದುರಿಗಿಟ್ಟು ಮಾತಾಡಿದರು. ದುಃಖದಲ್ಲಿದ್ದವನನ್ನು ಕೈಹಿಡಿದು ಕಾಡು ಸುತ್ತಿಸಿದ ಹಾಗೆ. ಯೋಬನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಉತ್ತರ ಕೊಡಬೇಕಾದವರೇ ಹತ್ತಿರ ಬಂದು ನಿಂತರು. ಅವನಿಗೆ ಅಷ್ಟು ಸಾಕಾಯಿತು.

ಪ್ರಭು ಯೇಸು ಗುಬ್ಬಿಯ ಬಗ್ಗೆ ಹೇಳಿದ್ದೂ ಇದನ್ನೇ. ಗುಬ್ಬಿ ಬೀಳುವುದೇ ಇಲ್ಲ ಅಂತ ಅವರು ಹೇಳಲಿಲ್ಲ. ಬೀಳುವ ಗುಬ್ಬಿಯೂ ತಂದೆಯ ಕಣ್ಣಿಗೆ ಮರೆಯಾಗಿಲ್ಲ ಅಂದರು. ಏನೂ ಕೆಡುಕಾಗದು ಅನ್ನುವುದು ಭರವಸೆಯಲ್ಲ, ಕೆಡುಕಿನಲ್ಲೂ ಕೈಬಿಡುವವರಲ್ಲ ಅನ್ನುವುದು ಭರವಸೆ. ಶಿಲುಬೆಯ ಮೇಲೆ ಅವರು ತಮ್ಮ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ್ದು ಇದೇ ಭರವಸೆಯಿಂದ.

ಇಂಥ ಭರವಸೆ ಇದ್ದವರು ಎಚ್ಚರಿಕೆ ಬಿಡುವುದಿಲ್ಲ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗ ಯೇಸು ಒಪ್ಪಲಿಲ್ಲ. ಕಾಡಿಗೆ ಹೋಗುವ ಮಲೆನಾಡಿನ ತಾಯಿ ಪ್ರಾರ್ಥನೆಯನ್ನೂ ಮಾಡಲಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನೂ ಕೈಕಾಲಿಗೆ ಸವರಿಕೊಳ್ಳಲಿ. ಜ್ವರ ಬಂದರೆ ಹರಕೆಯೂ ಇರಲಿ, ಆಸ್ಪತ್ರೆಗೂ ಹೋಗಲಿ.

ಈಗ ಆ ಮಗುವಿನ ಪ್ರಶ್ನೆಗೆ ಬರೋಣ. ಅಪ್ಪ ಹೇಳಿದ್ದೂ ಸರಿ, ಅಜ್ಜಿ ಹೇಳಿದ್ದೂ ಸರಿ. ದೇವರು ಕೊಡುವುದು ಬಹಳಷ್ಟು ಸಲ ಯಾರದೋ ಕೈಯಿಂದ. ಯಾರಿಗೋ ದೇವರ ಮೇಲೆ ಭರವಸೆ ಉಳಿಯುವುದು ಪಕ್ಕದ ಮನೆಯವರು ಹೊತ್ತಿಗೆ ಗಂಜಿ ತಂದುಕೊಟ್ಟಾಗ.

ಬೆಟ್ಟ ಹತ್ತಿ ಬಂದವರ ಚೀಲದಲ್ಲಿ ಆಸ್ಪತ್ರೆಯ ಚೀಟಿ ಇರಬಹುದು, ಮನಸ್ಸಿನಲ್ಲಿ ಸಾಲದ ಲೆಕ್ಕ ಇರಬಹುದು. ಎಲ್ಲವನ್ನೂ ಪ್ರಭುವಿನ ಪಾದದಲ್ಲಿಡಿ. ಇಳಿಯುವಾಗ ಅವಸರ ಬೇಡ. ಒಂದು ಮರದ ಕೆಳಗೆ ಕೂತು ಹಕ್ಕಿಗಳನ್ನು ನೋಡಿ. ಊರಿಗೆ ಹೋದ ಮೇಲೆ, ಕಷ್ಟದಲ್ಲಿರುವ ಒಬ್ಬರ ಬಾಗಿಲು ತಟ್ಟಿ.

ಪ್ರಭು ಯೇಸು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.